ಗಿರಿಜೆ ಮತ್ತು ಒಂದು ಆಣೆ

ನಮ್ಮ ಠಾಕುರ್ಲಿಯ ಮೆಡಿಕಲ್ ಅಂಗಡಿಯಲ್ಲಿ ಕಾಂಡೋಮ್ ಕೇಳಿದರೆ ಹಳೆಯ ಪೇಪರಿನಲ್ಲಿ ಸುತ್ತಿ, ಕಪ್ಪು ಚೀಲಕ್ಕೆ ಹಾಕಿ ಕೊಡುತ್ತಾರೆ. ಗಿರಿಜೆ ಮಾತ್ರ, "ಪೇಪರ್ ರೆಹನೇ ದೋ ಭೈಯಾ, ಚೋರಿ ಕಾ ಮಾಲ್ ಹೈ ಕ್ಯಾ?" ಎಂದು ನಗುತ್ತಾ, ಆ ಡಬ್ಬಿಯನ್ನು ಬಸಳೆ ಕಟ್ಟಿನ ಮೇಲೆಯೇ ಇಟ್ಟುಕೊಂಡು ಬರುತ್ತಿದ್ದಳು. ಕದ್ದ ಮಾಲೇ ಎಂದು ಕೇಳಿಸಿಕೊಂಡ ಅಂಗಡಿಯವನೇ ತಲೆ ತಗ್ಗಿಸುತ್ತಿದ್ದ.

ಅವಳಿಗೂ ಸುಂದರನಿಗೂ ಸಂಬಂಧ ಕುದುರಿಸಿದವನು ನಾನು. ಸುಂದರ ಸಾಲುಮನೆಗಳ ನಮ್ಮ ಚಾಳಿನವನೇ, ಕಲ್ಯಾಣದಿಂದ ನಾಸಿಕಕ್ಕೆ ಪಾರ್ಸೆಲ್ ಲಾರಿ ಓಡಿಸುತ್ತಿದ್ದ. ನಾನು ಹೈಸ್ಕೂಲು ಮುಗಿಸಿ ಊರು ಬಿಟ್ಟು, ಡೊಂಬಿವಲಿಯ ಹೋಟೆಲಿನ ಗಲ್ಲಾದಲ್ಲಿ ಕುಳಿತು ತಲೆ ನರೆಸಿಕೊಂಡವನು. ನಮ್ಮ ಕಡೆ ಮದುವೆ ಮಾಡಿಸಿದವನೇ ಆ ಮನೆಯ ಜಗಳವನ್ನೂ ಮುಗಿಸಬೇಕು. ಹಾಗೆ ಎಷ್ಟೋ ಮನೆಗಳಲ್ಲಿ ನನ್ನ ಮಾತು ನಡೆಯುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಟೆನೆಂದರೆ ಗಿರಿಜೆ ಗ್ಯಾಲರಿಯಿಂದ ಕೂಗುತ್ತಿದ್ದಳು: "ಎಂತ ಶೀನಣ್ಣ, ಇವತ್ತು ಯಾರ ಮನೆಯ ಪಂಚಾತಿಗೆ?"

ಚಾಳಿನ ಮಕ್ಕಳಿಗೆ ಅವಳೆಂದರೆ ಪ್ರಾಣ. ಪತ್ರೊಡೆ ಮಾಡಿದ ದಿನ, "ಆಂಟಿ, ಏಕ್ ಔರ್" ಎಂದು ಕೈಚಾಚಿದರೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. "ಇನ್ನೊಂದು ಕೊಡಿ ಅಂತ ಹೇಳು. ನಾಲಗೆ ಸವೆಯುದಿಲ್ಲ." ಹೇಳಿದವರಿಗೆ ಎರಡು ಸಿಗುತ್ತಿತ್ತು. ಅವಳಿಗೆ ಮಕ್ಕಳಾಗಲಿಲ್ಲ.

ಮದುವೆಯಾದ ಹೊಸತು. ಪಕ್ಕದ ಮರಾಠಿಯವರ ಹಳದಿ-ಕುಂಕುಮಕ್ಕೆ ದವಾಖಾನೆಯ ನರ್ಸ್ ಒಬ್ಬರು ಬಂದು, ದೂರ ಓಡಾಡುವ ಗಂಡಂದಿರ ಮನೆಯಲ್ಲಿ ಏಡ್ಸ್ ತಗಲದಂತೆ ಏನು ಜಾಗ್ರತೆ ಬೇಕೆಂದು ಹೇಳಿದರಂತೆ. ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕಾಂಡೋಮ್ ಇರಲಿ ಎಂದರಂತೆ. ಉಳಿದ ಹೆಂಗಸರು ಸೆರಗಿನಲ್ಲಿ ನಕ್ಕು ಎದ್ದು ಬಂದರು. ಗಿರಿಜೆ ಮರುದಿನವೇ ಮೆಡಿಕಲ್ ಅಂಗಡಿಗೆ ಹೋದಳು.

ಸುಂದರ ಕೆಲವು ವಾರ ಸುಮ್ಮನಿದ್ದ. ಆಮೇಲೆ ಲಾರಿಯವರು ಗೇಲಿ ಮಾಡತೊಡಗಿದರು: "ಹೆಂಡತಿಗೇ ನಂಬಿಕೆ ಇಲ್ವಂತಲ್ಲ ನಿನ್ನ ಮೇಲೆ!" ಅವನು ಕಣ್ಣು ಕೆಂಪು ಮಾಡಿಕೊಂಡು ನನ್ನಲ್ಲಿಗೆ ಬಂದ.

ನಾನು ಅವರ ಮನೆಗೆ ಹೋಗಿ ಕುಳಿತೆ. "ಮರ್ಯಾದಸ್ಥ ಮನೆಯ ಹೆಂಗಸು ಗಂಡನ ಹತ್ತಿರ ಇದನ್ನೆಲ್ಲ ಕೇಳ್ತಾಳಾ?" ಎಂದೆ.

"ಮರ್ಯಾದೆಗೆ ಕಾಯಿಲೆ ಬರುದಿಲ್ವಾ ಶೀನಣ್ಣ? ಒಂದು ಪರೀಕ್ಷೆ ಮಾಡಿಸ್ಲಿ. ಮತ್ತೆ ನಾನು ಬಾಯಿ ತೆರೆಯುದಿಲ್ಲ."

ಪರೀಕ್ಷೆಗೆ ಹೋದರೆ ಚಾಳಿಗೆಲ್ಲ ಸುದ್ದಿಯಾಗುತ್ತದೆ. ಅದಕ್ಕೆ ನಾನೊಂದು ದಾರಿ ಹುಡುಕಿದೆ. ದೀಪ ಹಚ್ಚಿಸಿ, ಮಂಜುನಾಥ ಸ್ವಾಮಿಯ ಪಟದ ಮುಂದೆ ಸುಂದರನನ್ನು ನಿಲ್ಲಿಸಿ, ಇನ್ನು ಮುಂದೆ ಬೇರೆ ಹೆಂಗಸಿನ ಹತ್ತಿರ ಹೋಗುವುದಿಲ್ಲ ಎಂದು ಆಣೆ ಇಡಿಸಿದೆ. ಆ ಆಣೆಯನ್ನು ನಮ್ಮವರು ಯಾರೂ ಮುರಿಯುವುದಿಲ್ಲ. ಗಿರಿಜೆ ಪಟವನ್ನೇ ನೋಡುತ್ತಾ ನಿಂತಿದ್ದಳು. "ಇನ್ನೂ ಕೇಳಿದರೆ ಸ್ವಾಮಿಯನ್ನೇ ನಂಬದ ಹಾಗೆ ಆಗ್ತದೆ" ಎಂದಳು. ಅಂದಿನಿಂದ ಅವಳು ಆ ಡಬ್ಬಿ ತರಲಿಲ್ಲ. ನಾನು ಊಟ ಮಾಡಿ, ತಾಂಬೂಲ ಹಾಕಿಕೊಂಡು ಮನೆಗೆ ಬಂದೆ.

ಸುಂದರ ಮಾತು ಉಳಿಸಿಕೊಂಡ. ಆದರೆ ರೋಗ ಅಷ್ಟರಲ್ಲಾಗಲೇ ಅವನ ಮೈಯಲ್ಲಿತ್ತು. ಕೆಲವು ವರ್ಷಗಳ ನಂತರ ಕೆಮ್ಮಿ ಕೆಮ್ಮಿ ಸತ್ತಾಗ ಎಲ್ಲರೂ ಟಿ.ಬಿ. ಎಂದರು. ನಾನೂ ಹಾಗೇ ಅಂದೆ. ಗಿರಿಜೆ ತನ್ನ ಜ್ವರವನ್ನು ಗಂಡ ಹೋದ ಚಿಂತೆಯದು ಎಂದುಕೊಂಡು ದಿನ ತಳ್ಳಿದಳು. ಹೋದ ಮಳೆಗಾಲದಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ನನ್ನನ್ನೇ ಕರೆದು ಹೇಳಿದರು, "ಈಗ ಒಳ್ಳೆಯ ಮಾತ್ರೆ ಇದೆ, ಧರ್ಮಕ್ಕೆ ಕೊಡುತ್ತಾರೆ. ಮೊದಲೇ ಪರೀಕ್ಷೆ ಮಾಡಿಸಿದ್ದರೆ ಮುದುಕಿಯಾಗುವವರೆಗೆ ಬದುಕುತ್ತಿದ್ದರು."

ನಾನು ಎಳನೀರು ಹಿಡಿದು ಅವಳ ಹಾಸಿಗೆಯ ಬಳಿ ಹೋದೆ. ಕೆನ್ನೆಯೆಲ್ಲ ಇಳಿದು ಹೋಗಿತ್ತು. ಆದರೂ ನಕ್ಕಳು.

"ನಿಮ್ಮ ಪಂಚಾತಿ ಇಲ್ಲಿಗೂ ಬಂತಾ?"

"ತಪ್ಪಾಯ್ತು ಮಗಾ" ಎಂದೆ.

"ಅವರು ಸುಳ್ಳು ಹೇಳ್ಲಿಲ್ಲ ಶೀನಣ್ಣ. ಆಣೆ ಇಟ್ಟ ಮೇಲೆ ಎಲ್ಲಿಗೂ ಹೋಗ್ಲಿಲ್ಲ, ಅದು ನನಗೆ ಗೊತ್ತುಂಟು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಮದುವೆಗೆ ಮೊದಲು ಹೋಗ್ತಿದ್ದದ್ದು ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು. ಹೈವೇಯ ಧಾಬಾಗಳ ಹಿಂದೆ ಅವನು ಯಾರಲ್ಲಿಗೆ ಹೋಗುತ್ತಿದ್ದ ಎಂದು ಚಾಳಿನ ಗಂಡಸರಿಗೆಲ್ಲ ಗೊತ್ತಿತ್ತು. ಮದುವೆಯಾದರೆ ಸರಿಹೋಗುತ್ತಾನೆ ಎಂದೇ ನಾನು ಅವಳನ್ನು ತಂದದ್ದು.

"ಹೌದು" ಎಂದೆ.

"ಹಾಗಾದರೆ ಪಟದ ಮುಂದೆ ನಿಲ್ಲಬೇಕಾದವರು ನೀವು."

ಎಳನೀರು ಅವಳು ಮುಟ್ಟಲಿಲ್ಲ. ಆಮೇಲೆ ನಾನು ಹೋದಾಗಲೆಲ್ಲ ಅವಳು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ನಿದ್ದೆಯಲ್ಲ ಎಂದು ನನಗೆ ತಿಳಿಯುತ್ತಿತ್ತು. ಭೇಟಿಯ ಹೊತ್ತು ಮುಗಿಯುವವರೆಗೆ ಸ್ಟೂಲಿನ ಮೇಲೆ ಕುಳಿತಿದ್ದು ಎದ್ದು ಬರುತ್ತಿದ್ದೆ. ಸಾಯುವವರೆಗೆ ಅವಳು ನನ್ನೊಡನೆ ಮತ್ತೆ ಮಾತಾಡಲಿಲ್ಲ.