ಪೆನ್ಸಿಲ್ ಚುಕ್ಕೆಯ ಸುಧಾಕರ

ಸುಧಾಕರ ಎಂದರೆ ನನಗೆ ನೆನಪಾಗುವುದು ಅವನ ಮುಖವಲ್ಲ, ಬೆನ್ನು. ಕಾರ್ಕಳದ ನನ್ನ ಕಲ್ಲು ಕತ್ತರಿಸುವ ಶೆಡ್ಡಿಗೆ ಮಣಿಪಾಲದಿಂದ ಬಂದು ಕಂಪ್ಯೂಟರಿನ ಮುಂದೆ ಕೂತನೆಂದರೆ, ನನಗೆ ಒಂದಕ್ಷರವೂ ಕಾಣದ ಹಾಗೆ ಸ್ಕ್ರೀನಿಗೆ ಅಡ್ಡ ಬಾಗುತ್ತಿದ್ದ. ಎಂಟು ವರ್ಷ ಆ ಬೆನ್ನನ್ನು ಸಹಿಸಿದ್ದೇನೆ.

ಕಂಪ್ಯೂಟರಿನ ಮಾತನ್ನು ಮೆಷಿನಿಗೆ ಮುಟ್ಟಿಸುವ ಡ್ರೈವರ್ ಎಂಬ ಪ್ರೋಗ್ರಾಂ ಬರೆದವನು ಅವನೇ. ಜಾಣ, ಇಲ್ಲವೆನ್ನುವುದಿಲ್ಲ. ಆದರೆ ಮೆಷಿನ್ ನಿಂತರೆ ಅವನ ಡ್ರೈವರ್ ಲಾಗಿನಲ್ಲಿ, ಅಂದರೆ ಮೆಷಿನಿನ ದಿನಚರಿಯಲ್ಲಿ, ಬರೆಯುತ್ತಿದ್ದದ್ದು ಒಂದೇ ಶಬ್ದ: 'ದೋಷ'. ಮೆಷಿನ್ ನಡೆಸುವ ಬೋರ್ಡಿನೊಳಗೆ ಕಂಪನಿಯವರು ತುಂಬಿದ ಬುದ್ಧಿ, ಅಂದರೆ ಫರ್ಮ್‌ವೇರ್, ಹಳೆಯದೋ ಹೊಸದೋ, ಅದರ ನಂಬರ್ ಎಷ್ಟು, ಒಂದೂ ಇಲ್ಲ.

ಲಾರಿಗೆ ಕಲ್ಲು ಹೊತ್ತು ಮೇಲೆ ಬಂದವನು ನಾನು; ಚೌಕಾಸಿ ಮಾಡದೆ ಒಂದು ಹಗ್ಗವನ್ನೂ ಕೊಂಡವನಲ್ಲ. ಅವನ ಹತ್ತಿರವೂ ಮಾಡಿದೆ.

"ಆ ನಂಬರ್ ಒಂದು ಲಾಗಿನಲ್ಲಿ ಬರುವ ಹಾಗೆ ಮಾಡು ಮಾರಾಯ. ಫೋನಿನಲ್ಲೇ ಓದಿ ಹೇಳ್ತೇನೆ."

"ನಂಬರ್ ತಗೊಂಡು ನೀವು ಎಂತ ಮಾಡ್ತೀರಿ ಶೆಟ್ರೆ, ಉಪ್ಪಿನಕಾಯಿ ಹಾಕ್ತೀರಾ?"

"ನೀನು ಬಾರದ ದಿನ ಬೇರೆಯವರಿಗೆ ತೋರಿಸ್ತೇನೆ."

"ಅದಕ್ಕೇ ಹಾಕುವುದಿಲ್ಲ. ನನಗೆ ಗೊತ್ತುಂಟು, ಸಾಕು."

ಆ ಗೊತ್ತಿನ ಗುಟ್ಟು ಒಂದು ಪೆನ್ಸಿಲ್ ಚುಕ್ಕೆ. ನಮ್ಮ ಕಪಾಟಿನಲ್ಲಿ ಎರಡು ಹೆಚ್ಚುವರಿ ಬೋರ್ಡುಗಳಿದ್ದವು. ನೋಡಲು ಅವಳಿಜವಳಿ, ಫರ್ಮ್‌ವೇರ್ ಮಾತ್ರ ಬೇರೆ. ಅವನ ಡ್ರೈವರಿಗೆ ಹೊಂದುವುದು ಹೊಸದು. ಅದರ ಮೂಲೆಗೆ ಯಾರಿಗೂ ಹೇಳದೆ ಚುಕ್ಕೆ ಇಟ್ಟಿದ್ದ; ನನಗೆ ತಿಳಿದದ್ದು ಆಮೇಲೆ. ಆಯುಧಪೂಜೆಗೆ ನಮ್ಮ ಆಳುಗಳು ಸ್ಪ್ಯಾನರಿನಿಂದ ಹಿಡಿದು ಎಲ್ಲವನ್ನೂ ತಿಕ್ಕಿ ಒರೆಸಿ, ಎರಡೂ ಬೋರ್ಡುಗಳ ಕವಚಕ್ಕೆ ಗಂಧ ಕುಂಕುಮ ಹಚ್ಚಿದರು.

ಮರುವಾರ ಮೆಷಿನಿನ ಬೋರ್ಡು ಸತ್ತಿತು. ಮೇಜಿನ ಮೇಲಿದ್ದದ್ದು ಕಾಪುವಿನ ಲೀಲಕ್ಕನ ಕಲ್ಲು. ಹೊಸ ಮನೆಯ ಅಡುಗೆಕೋಣೆಗೆಂದು ಮೂರು ಸಲ ಬಂದು, ನೀರು ಸುರಿದು, ಬಿಸಿಲಿಗೆ ಹಿಡಿದು ಆರಿಸಿದ್ದರು. ನಾಲ್ಕು ದಿನದಲ್ಲಿ ಗೃಹಪ್ರವೇಶ.

ಸುಧಾಕರ ಬಂದ. ಎರಡು ಬೋರ್ಡುಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಮುಖ ಕಪ್ಪಿಟ್ಟಿತು.

"ಇದನ್ನು ಒರೆಸಿದ್ದು ಯಾರು?"

"ಪೂಜೆ ಅಲ್ವಾ? ನಿನಗೆ ಗೊತ್ತುಂಟಲ್ಲ."

"ಮಣಿಪಾಲಕ್ಕೆ ತಗೊಂಡು ಹೋದರೆ ಹೊಸದು ಯಾವುದೆಂದು ನೋಡಬಹುದು…"

"ಹಾಗಾದರೆ ತಗೊಂಡು ಹೋಗು."

ಆಳುಗಳು ನೋಡುತ್ತಿದ್ದರು. ಗೊತ್ತಾಗುವುದಿಲ್ಲವೆಂದು ಒಪ್ಪಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. "ಇದೇ," ಎಂದು ಒಂದನ್ನು ಸಿಕ್ಕಿಸಿ ಮೆಷಿನ್ ಓಡಿಸಿದ. ಅದು ಹಳೆಯದು. ಬ್ಲೇಡು ಅಳತೆ ತಪ್ಪಿ ಇಳಿಯಿತು. ಕಲ್ಲು ಉದ್ದಕ್ಕೂ ಬಿರಿಯಿತು. ಫೋನಿನಲ್ಲಿ ಲೀಲಕ್ಕ ಬೈಯಲಿಲ್ಲ. "ಅಂಥದ್ದೇ ಇನ್ನೊಂದು ಉಂಟಾ?" ಎಂದರು. ಇರಲಿಲ್ಲ. ಸುಧಾಕರ ಸ್ಕ್ರೂಡ್ರೈವರ್ ಒರೆಸುತ್ತಾ, "ಪೂಜೆ ಮಾಡುವವರು ಕೇಳಿ ಮಾಡಬೇಕು," ಎಂದ. ಅಂದೇ ಅವನನ್ನು ಬಿಟ್ಟೆ.

ಮೆಷಿನ್ ಕೊಳ್ಳುವವರಿಗೆ ನನ್ನ ಬುದ್ಧಿವಾದ ಇಷ್ಟೆ: ಶುರುವಾದ ಕೂಡಲೇ ಫರ್ಮ್‌ವೇರಿನ ನಂಬರ್ ಲಾಗಿನಲ್ಲಿ ಬೀಳದಿದ್ದರೆ, ಡ್ರೈವರ್ ಕೊಟ್ಟವನು ದೇವರಾದರೂ ಸಹಿ ಹಾಕಬೇಡಿ.

ಕೊನೆಗೆ ಅವನು ಬಂದದ್ದು ಬಿಟ್ಟುಹೋದ ಕರೆಂಟು ಅಳೆಯುವ ಮೀಟರನ್ನು ಒಯ್ಯಲು. ಲಾಗಿನ ಮೊದಲ ಸಾಲಿನಲ್ಲೇ ಫರ್ಮ್‌ವೇರಿನ ನಂಬರ್ ಕಣ್ಣಿಗೆ ಬಿತ್ತು.

"ಇದನ್ನು ಹಾಕಿದ್ದು ಯಾರು?"

"ಉಡುಪಿಯ ಒಬ್ಬಳು ಎಂಜಿನಿಯರ್."

"ನಂಬರ್ ಅವಳಿಗೆ ಹೇಳಿದ್ದು ಯಾರು?"

"ಮೆಷಿನೇ. ಕೇಳಿದರೆ ಹೇಳ್ತದಂತೆ."

ಮೀಟರನ್ನು ಚೀಲಕ್ಕೆ ಹಾಕಿಕೊಂಡ. ಲೀಲಕ್ಕನ ಮನೆಗೆ ಕೊನೆಗೆ ಯಾವ ಕಲ್ಲು ಹೋಯಿತೆಂದು ಆಗಲೂ ಕೇಳಲಿಲ್ಲ. ಚಾ ಬೇಕಾ ಎಂದು ನಾನೂ ಕೇಳಲಿಲ್ಲ.