ಪಾರಣೆಯಿಲ್ಲದ ಉಪವಾಸ

ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಹಲಸಿನಕಾಯಿ. ಸಿಗರೇಟು ಹಿಡಿದು ಹಿಡಿದು ಹಳದಿಯಾದ ಎರಡು ಬೆರಳು. ಐರೋಲಿಯಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ಸೋದರಮಾವ ಇದ್ದದ್ದು ಹೀಗೆ. ಉಡುಪಿಯಿಂದ ಕೆಲಸ ಹುಡುಕಿ ಬಂದ ನನ್ನನ್ನು ಮನೆಯಲ್ಲಿಟ್ಟುಕೊಂಡು, ಬೇಲಾಪುರದ ಆಫೀಸಿಗೆ ಡಬ್ಬಿ ಕಟ್ಟಿಸಿ ಕಳಿಸಿ, ಕೊನೆಗೆ ಮದುವೆಯನ್ನೂ ಮಾಡಿಸಿದವರು. ಅವರನ್ನು ಬೈಯುವ ಸಲುಗೆ ನನಗೆ ಮಾತ್ರ ಇತ್ತು.

"ಸಿಗರೇಟು ಬಿಟ್ರೆ ದಪ್ಪ ಆಗ್ತೇನೆ ಮಾರಾಯ್ತಿ, ದಪ್ಪ ಆದ್ರೆ ಶುಗರ್ ಬರ್ತದೆ" ಅನ್ನುತ್ತಿದ್ದರು. ಶುಗರ್ ಆಗಲೇ ಬಂದು ಕೂತಿತ್ತು, ಆ ಮಾತು ಬೇರೆ!

ಏಕಾದಶಿಯಂದು ನೀರೂ ಮುಟ್ಟದ ಮನುಷ್ಯ, ಸಿಗರೇಟು ಮಾತ್ರ ಸೇದುತ್ತಿದ್ದರು. ಹೊಗೆ ಆಹಾರವಲ್ಲವಂತೆ! ಒಮ್ಮೆ ರಕ್ತಪರೀಕ್ಷೆಗೆ ಕರೆದುಕೊಂಡು ಹೋದೆ. "ಖಾಲಿ ಪೇಟ್ ಹೈ ನಾ?" ಎಂದಳು ಲ್ಯಾಬಿನ ಹುಡುಗಿ. ಗೇಟಿನ ಹೊರಗೆ ಆಗಷ್ಟೇ ಎರಡು ಸೇದಿ ಬಂದಿದ್ದ ಮಾವ "ಏಕ್‌ದಮ್ ಖಾಲಿ" ಎಂದುಬಿಟ್ಟರು. ಇದನ್ನು ಕೇಳಿ ಧಾರವಾಡದ ಕಡೆಯ ನಮ್ಮ ಡಾಕ್ಟರು ಹಣೆ ಚಚ್ಚಿಕೊಂಡರು. "ಯಜಮಾನ್ರ, ಈ ಹೊಗಿ ಕೊಬ್ಬನ್ನ ಹೊಟ್ಟಿಗೇ ತಂದು ಹಾಕತೈತಿ, ಸಕ್ಕರಿ ಇಳ್ಯಾಕ ಬಿಡಂಗಿಲ್ಲ. ಹಿಂಗ ಸೇದಿದ್ರ ಹಾರ್ಟ್ ಭಾಳ ದಿನ ತಡಿಯಂಗಿಲ್ಲ."

ನಾನಾಗ ಬಸುರಿ. ರಿಕ್ಷಾದಲ್ಲಿ ಅಳುವೂ ಬಂತು, ಸಿಟ್ಟೂ ಬಂತು. "ಮಾವ, ನನ್ನ ಮಗುವಿಗೆ ಅಜ್ಜ ಅಂತ ಇರೋದು ನೀವೊಬ್ರೇ. ನೀವು ಇರ್ಬೇಕು" ಎಂದೆ. 

ಮುಂದಿನ ಏಕಾದಶಿಗೆ ಸಿಗರೇಟನ್ನೂ ಬಿಟ್ಟರು. ದ್ವಾದಶಿ ಬೆಳಿಗ್ಗೆ ಪಾರಣೆಗೆ ಕೂತು ಉಂಡರು. ಕೈ ತೊಳೆದ ಮೇಲೆ ಅಭ್ಯಾಸಬಲದಿಂದ ಜೇಬು ತಡವಿಕೊಂಡು, "ಇದಕ್ಕೆ ಪಾರಣೆ ಇಲ್ಲ" ಎಂದರು.

ಅಬ್ಬಾ, ಆಮೇಲಿನ ತಿಂಗಳುಗಳೋ! ಅಡಿಗೆ ಭಟ್ಟರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರ ಮೇಲೂ ರೇಗಾಟ. ಮೊದಲು ಸ್ವಲ್ಪ ದಪ್ಪವೂ ಆದರು. "ನಾನು ಹೇಳ್ಲಿಲ್ವಾ?" ಎಂದು ಗೆದ್ದವರ ಹಾಗೆ ನನ್ನನ್ನು ನೋಡಿದರು. ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಯಲ್ಲಿ ದಿನಾ ನಡೆದ ಮೇಲೆ ಹೊಟ್ಟೆ ಇಳಿಯಿತು, ಶುಗರೂ ಹಿಡಿತಕ್ಕೆ ಬಂತು.

ಮಗಳನ್ನು ಮೊದಲು ಎತ್ತಿಕೊಂಡವರು ಅವರೇ. ನಮಗೆಲ್ಲ ಹಿಂದಿಯಲ್ಲೇ ಉತ್ತರ ಕೊಡುವ ಆ ಹುಡುಗಿ ಅವರ ಹತ್ತಿರ ಮಾತ್ರ ತುಳು ಮಾತಾಡುತ್ತಿದ್ದಳು. ಅವಳು ಶಾಲೆಗೆ ಸೇರಿದ ವರ್ಷ ಮಾವನಿಗೆ ಹಾರ್ಟ್ ಅಟ್ಯಾಕ್ ಆಯಿತು. ಹಳೆಯ ಹೊಗೆ ಬಿಡಲಿಲ್ಲ. ಆದರೂ ನಡುವಿನ ಆ ವರ್ಷಗಳನ್ನು ಅವರು ಹಟ ಹಿಡಿದು ನಮಗೆ ಕೊಟ್ಟರು. ಆ ಋಣ ತೀರುವಂಥದ್ದಲ್ಲ.

ವೈಕುಂಠ ಸಮಾರಾಧನೆಯ ದಿನ, ತುಂಬಿದ ಮನೆಯಲ್ಲಿ ಮಗಳು ನನ್ನ ಸೆರಗು ಜಗ್ಗಿದಳು. "ಅಜ್ಜೆರ್ ಏಪ ಬರ್ಪೆರ್?" ಅಜ್ಜ ಯಾವಾಗ ಬರ್ತಾರೆ ಎಂದು, ಮೊದಲ ಸಲ, ನನ್ನ ಹತ್ತಿರ ತುಳುವಿನಲ್ಲಿ ಕೇಳಿದಳು.