ಇಟಲಿಯಿಂದ ಬಂದ ಬೂಟು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತ ಪಿಎಚ್.ಡಿ. ಮಾಡುತ್ತಿದ್ದೆ. ಪರದೇಶದ ಯುದ್ಧಗಳಿಗೆ ಹೋದ ನಮ್ಮ ಭಾಗದ ಸಿಪಾಯಿಗಳು ನನ್ನ ವಿಷಯ. ಮಾರ್ಗದರ್ಶಕರು ಮೊದಲ ದಿನವೇ ನಕ್ಕಿದ್ದರು. "ಪಂಜಾಬಿನವರು ಹೋದರು, ಮರಾಠರು ಹೋದರು. ನಿಮ್ಮ ಕಡೆಯಿಂದ ಯಾರಮ್ಮ ಹೋಗಿದ್ದು?"

ತೋರಿಸಿಯೇ ಬಿಡಬೇಕೆಂದು ಭಾನುವಾರಗಳಲ್ಲಿ ಬಸ್ಸು ಹತ್ತತೊಡಗಿದೆ. ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋಗಿದ್ದವನೊಬ್ಬನ ಹೆಂಡತಿ ಮಸ್ಕಿಯ ಆಚೆಯ ಹಳ್ಳಿಯಲ್ಲಿ ಇನ್ನೂ ಇದ್ದಾಳೆಂದು ಲಿಂಗಸುಗೂರಿನ ಮಾಜಿ ಸೈನಿಕರೊಬ್ಬರು ಹೇಳಿದರು.

ಅವಳ ಮನೆ ಊರ ಹೊರಗಿನ ಕೇರಿಯಲ್ಲಿತ್ತು. ನಮ್ಮ ಮನೆತನವೂ ಅಂಥದೇ ಕೇರಿಯಿಂದ ಬಂದದ್ದು. ಅಜ್ಜಿ ಬೀಸುಕಲ್ಲು ನಿಲ್ಲಿಸಿ ಮಾತಿಗೆ ಕೂತಳು. ಗಂಡ ಹೇಸರಗತ್ತೆಗಳ ಮೇಲೆ ಮದ್ದುಗುಂಡು ಹೇರಿಕೊಂಡು ಗುಡ್ಡ ಹತ್ತುತ್ತಿದ್ದನಂತೆ. ಯುದ್ಧ ಮುಗಿದ ಮೇಲೆ ಮಿಲಿಟರಿ ಬೂಟು ಹಾಕಿಕೊಂಡೇ ಊರಿಗೆ ಬಂದನಂತೆ. ಊರಬಾಗಿಲ ಅಗಸಿಯಲ್ಲಿ ಕೂತಿದ್ದ ದೊಡ್ಡವರು, ಬೂಟು ಬಿಚ್ಚಿ ಊರೊಳಗೆ ಕಾಲಿಡು ಎಂದರಂತೆ.

"ಅವರು ಬಿಚ್ಚಲಿಲ್ಲ, ಹೌದಿಲ್ಲಮ್ಮಾ?" ನಾನಾಗಲೇ ಬರೆಯತೊಡಗಿದ್ದೆ.

"ಬಿಚ್ಚಿದ. ಸುಳ್ಳ ಯಾಕ ಹೇಳ್ಲಿ? ಬಗಲಾಗ ಇಟಗೊಂಡು ಬಂದ. ಗ್ವಾಡಿ ಕಡಿ ಮಾರಿ ಮಾಡಿ ಕುಂತ. ಮರುದಿನ ಆ ಬೂಟು ನಾ ಹಾಕ್ಕೊಂಡೆ. ದೊಡ್ಡುವು ಆಗಿದ್ವು, ಒಳಗ ಅರಿವಿ ತುರುಕಿದೆ. ಅದೇ ಅಗಸಿ ಮುಂದ ಹಾದು ಹೊಲಕ್ಕ ಹೋದೆ."

"ಸುಮ್ಮನ ಬಿಟ್ರಾ?"

"ಎಲ್ಲಿ ಬಿಡ್ತಾರ! ಬೈದ್ರು. ಒಂದು ಸುಗ್ಗಿ ಪೂರಾ ಕೂಲಿಗೆ ಕರೀಲಿಲ್ಲ. ಮಸ್ಕಿಗೆ ಹೋಗಿ ಕಲ್ಲು ಹೊತ್ತೆ. ಬೂಟು ಹರಿಯೋ ತನಕ ಹಾಕ್ಕೊಂಡೇ ತಿರುಗಿದೆ. ಬರಕೋ ಯವ್ವಾ, ಚಂದಾಗಿ ಬರಕೋ."

ಚೆಂದವಾಗಿಯೇ ಬರೆದೆ. ಮಾರ್ಗದರ್ಶಕರು ಅಧ್ಯಾಯಕ್ಕೆ ಅಡ್ಡಗೆರೆ ಎಳೆದರು. "ಹೇಸರಗತ್ತೆ ಕಾಯುವವನು ಸಿಪಾಯಿಯಲ್ಲ. ಹೆಂಗಸು ಬೂಟು ಹಾಕಿಕೊಂಡದ್ದು ಯುದ್ಧದ ಇತಿಹಾಸವೂ ಅಲ್ಲ. ತೆಗೆಯಿರಿ."

"ತೆಗೆಯೋದಿಲ್ಲ ಸರ್."

"ಹಾಗಾದರೆ ನನ್ನ ಸಹಿ ಸಿಗೋದಿಲ್ಲ."

ಸಿಗಲಿಲ್ಲ. ಬೇರೆ ಮಾರ್ಗದರ್ಶಕರೊಬ್ಬರು ಒಪ್ಪಿಕೊಳ್ಳುವಷ್ಟರಲ್ಲಿ ವರ್ಷಗಳು ಕಳೆದವು. ನನಗಿಂತ ಆಮೇಲೆ ಕೆಲಸಕ್ಕೆ ಸೇರಿದವರು ನನ್ನನ್ನು ದಾಟಿ ಮೇಲೆ ಹೋದರು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಒಂದು ಸಾಲೂ ತೆಗೆಯಲಿಲ್ಲ. ತೊಂಬತ್ತರ ದಶಕದ ನಡುವೆ ಪದವಿ ಬಂದದ್ದು ಆ ಅಧ್ಯಾಯದ ಸಮೇತ.

ಬೈಂಡ್ ಮಾಡಿಸಿದ ಪ್ರತಿ ಹಿಡಿದು ಅಜ್ಜಿಯ ಹತ್ತಿರ ಹೋದೆ. ಅವಳ ಕಣ್ಣುಗಳು ಮಂಜಾಗಿದ್ದವು. ಗಟ್ಟಿಯಾಗಿ ಓದಿದೆ. ಕೊನೆವರೆಗೂ ಕೇಳಿ, "ನನ್ನ ಗಂಡನ ಹೆಸರು ಹಾಕೀ, ಹೌದಿಲ್ಲ?" ಅಂದಳು.

"ಹಾಕೀನಮ್ಮಾ. ನಿಂದೂ ಐತಿ."

"ಬೂಟು ಬಿಚ್ಚು ಅಂದವ್ರದ್ದು?"

ಹಾಕಿರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಅದೇ ಊರಲ್ಲಿದ್ದಾರೆ ಎಂದೆ.

"ನಾನೂ ಅದೇ ಊರಾಗ ಅದೀನಲ್ಲ. ತಗಿ ಪೆನ್ನು."

ಅವಳು ಮೂವರ ಹೆಸರು ಹೇಳಿದಳು, ಅಪ್ಪಂದಿರ ಹೆಸರು ಕೂಡಿಸಿ. ಪುಟದ ಅಂಚಿನಲ್ಲಿ ನೀಲಿ ಮಸಿಯಲ್ಲಿ ಒಂದೊಂದಾಗಿ ಬರೆದೆ.